ಮನೆಯಲ್ಲೇ ಏರ್‌ಗನ್ ಪೆಲೆಟ್ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ಮಾಡಿದ ಪೆಲೆಟ್ (ಏರ್‌ಗನ್ನಿಗೆ ಹಾಕುವ ಪುಟ್ಟ ಸೀಸದ ಗುಂಡು) ಅಂಗಡಿಯದಕ್ಕೆ ಸಮ ಬರುತ್ತದೆಯೇ?

ಒಳ್ಳೆಯ ಸ್ಪರ್ಧಾ ಪೆಲೆಟ್‌ಗೆ ಸಮ ಬರುವುದಿಲ್ಲ. 10 ಮೀಟರ್ ಏರ್ ರೈಫಲ್ ಗುರಿಫಲಕದಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ಅದಕ್ಕೆ ಬೇಕಾದ ಏಕರೂಪತೆ ವೈಸ್ ಮತ್ತು ಅರದಿಂದ ಹುಟ್ಟುವುದಿಲ್ಲ. ಆದರೆ 10 ಮೀಟರಿನಲ್ಲಿ ಡಬ್ಬಿ ಉರುಳಿಸುವುದಕ್ಕೆ, ಕಾಗದದ ಮೇಲೆ ಅಭ್ಯಾಸ ಮಾಡುವುದಕ್ಕೆ, ಅಳತೆ ಸಿಗದ ಹಳೆಯ ಗನ್‌ಗೆ ಹೊಂದಿಸಿಕೊಳ್ಳುವುದಕ್ಕೆ ಧಾರಾಳವಾಗಿ ಸಾಕು. ಒಂದು ಮಾತು ಮಾತ್ರ ತಲೆಯಲ್ಲಿರಲಿ: ಪೆಲೆಟ್ ಚೆಂದ ಕಾಣುವುದು ಮುಖ್ಯವಲ್ಲ, ಒಂದರಂತೆ ಇನ್ನೊಂದು ಇರುವುದು ಮುಖ್ಯ. ನೂರೂ ಒಂದೇ ರೀತಿ ಸೊಟ್ಟಗಿದ್ದರೆ ಗುರಿ ಹೊಂದಿಸಿಕೊಳ್ಳಬಹುದು. ನೂರು ನೂರು ಥರ ಇದ್ದರೆ ಗನ್ನಿನ ಯಾವ ಸೈಟ್ (ಗುರಿ ಹೊಂದಿಸುವ ಭಾಗ) ತಿರುಗಿಸಿದರೂ ಪ್ರಯೋಜನವಿಲ್ಲ.

ಅಂಗಡಿ ಪೆಲೆಟ್‌ಗೆ ಆ ಡಮರುಗದ ಆಕಾರ ಏಕೆ?

ಅದಕ್ಕೆ ಮೂರು ಭಾಗ: ಮುಂದೆ ತಲೆ, ನಡುವೆ ಸೊಂಟ, ಹಿಂದೆ ಟೊಳ್ಳಾದ ಸ್ಕರ್ಟ್. ತಲೆ ನಳಿಗೆಯ ರೈಫ್ಲಿಂಗ್ ಗೆರೆಗಳ (ಒಳಗೋಡೆಯಲ್ಲಿ ಕೊರೆದ ಸುರುಳಿ ಗೆರೆಗಳ) ಮೇಲೆ ಕೂತು ನೇರ ಸಾಗುತ್ತದೆ. ಸ್ಕರ್ಟ್ ತಲೆಗಿಂತ ಕೊಂಚ ಅಗಲ, ತೆಳು. ಹಿಂದಿನಿಂದ ಗಾಳಿ ಬಡಿದಾಗ ಅದು ಅರಳಿ ಗೋಡೆಗೆ ಅಂಟಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ. ಸೊಂಟ ಸಣ್ಣಗಿರುವುದರಿಂದ ಉಜ್ಜುವ ಜಾಗ ಕಡಿಮೆ. ಹೊರಗೆ ಬಂದ ಮೇಲೆ ಭಾರ ಮುಂದೆ, ಗಾಳಿಯ ತಡೆ ಹಿಂದೆ. ಹಾಗಾಗಿ ಬ್ಯಾಡ್ಮಿಂಟನ್ ಶಟಲ್‌ನಂತೆ ತಲೆ ಮುಂದಾಗಿಯೇ ಹಾರುತ್ತದೆ. ಮನೆಯಲ್ಲಿ ಈ ಆಕಾರದ್ದನ್ನು ಮಾಡುವಾಗ ಸೊಂಟವನ್ನು ಬಿಟ್ಟರೂ ನಡೆದೀತು, ಟೊಳ್ಳು ಸ್ಕರ್ಟ್ ಬಿಟ್ಟರೆ ನಡೆಯದು.

ಯಾವ ಸೀಸ ಆಗುತ್ತದೆ, ಯಾವುದು ಆಗುವುದಿಲ್ಲ?

ಮೆತ್ತಗಿನ ಶುದ್ಧ ಸೀಸ ಬೇಕು. ಉಗುರಿನಿಂದ ಗೀರಿದರೆ ಗೆರೆ ಸ್ಪಷ್ಟವಾಗಿ ಬೀಳಬೇಕು. ಕಲ್ಲಿನ ಮೇಲೆ ಬೀಳಿಸಿದರೆ ‘ಥಡ್’ ಎನ್ನಬೇಕು, ‘ಠಣ್’ ಎನ್ನಬಾರದು. ಛಾವಣಿಗೆ ಹೊದಿಸುವ ಸೀಸದ ತಗಡು, ಎಕ್ಸ್‌ರೇ ಕೋಣೆಗೆ ಹಾಕುವ ಸೀಸದ ಹಾಳೆ, ಮೀನುಗಾರಿಕೆಗೆ ಮಾರುವ ಮೆತ್ತಗಿನ ಸೀಸದ ತಂತಿ ಒಳ್ಳೆಯವು.

ಗಾಡಿ ಚಕ್ರಕ್ಕೆ ಹೊಡೆಯುವ ತೂಕದ ತುಂಡುಗಳಲ್ಲಿ ಆಂಟಿಮನಿ ಇರುತ್ತದೆ. ಅದು ಗಡಸು: ಗಾಳಿಯ ಒತ್ತಡಕ್ಕೆ ಸ್ಕರ್ಟ್ ಅರಳುವುದಿಲ್ಲ, ರೈಫ್ಲಿಂಗ್ ಸರಿಯಾಗಿ ಕಚ್ಚುವುದಿಲ್ಲ. ಕೆಲವು ತುಂಡುಗಳಂತೂ ಸೀಸವೇ ಅಲ್ಲ, ಸತು ಇಲ್ಲವೇ ಕಬ್ಬಿಣ.

ಹಳೆಯ ಬ್ಯಾಟರಿಯ ಸೀಸವನ್ನು ಮುಟ್ಟಲೇಬೇಡಿ. ಅದರಲ್ಲಿ ಆಮ್ಲ ಇಂಗಿರುತ್ತದೆ, ಫಲಕದ ಲೋಹದಲ್ಲಿ ಆಂಟಿಮನಿ, ಆರ್ಸೆನಿಕ್ ಅಥವಾ ಕ್ಯಾಲ್ಸಿಯಂ ಇರುತ್ತದೆ. ಕರಗಿಸುವಾಗ ಹಾಗೂ ಅದರ ಕಿಟ್ಟ ಆಮೇಲೆ ತೇವ ತಾಗಿಸಿಕೊಂಡಾಗ ವಿಷಾನಿಲ ಹುಟ್ಟಬಹುದು. ಅದು ಕಾರ್ಖಾನೆಯವರ ಕೆಲಸ.

ಮೊಳೆ, ಸ್ಕ್ರೂ, ಉಕ್ಕಿನ ಗುಂಡು, ಹಿತ್ತಾಳೆ ತುಂಡು ಇವನ್ನು ರೈಫ್ಲಿಂಗ್ ಇರುವ ನಳಿಗೆಗೆ ಹಾಕಬಾರದು. ಗೆರೆ ಸವೆದರೆ ನಳಿಗೆ ಮತ್ತೆ ಸರಿಯಾಗದು. ಗಟ್ಟಿ ಲೋಹ ಬಡಿದು ಹೊಡೆದವರ ಕಡೆಗೇ ಚಿಮ್ಮುವ ಅಪಾಯವೂ ಇದೆ.

ಕರಗಿಸಿ ಎರಕ ಹೊಯ್ಯಬೇಕೇ, ತಣ್ಣಗೆ ಒತ್ತಬೇಕೇ?

ಮೊದಲ ಸಲ ಮಾಡುವವರು ತಣ್ಣಗೆ ಒತ್ತಿ. ಸೀಸದ ತಂತಿಯನ್ನು ಅಳತೆಗೆ ಕತ್ತರಿಸಿ, ಉಕ್ಕಿನ ಡೈಯಲ್ಲಿಟ್ಟು (ನಡುವೆ ತೂತಿರುವ ಅಚ್ಚು), ಪಂಚ್‌ನಿಂದ (ಆ ತೂತಿಗೆ ಹೊಂದುವ ಸರಳು) ಒತ್ತಿದರೆ ಆಕಾರ ಬರುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಕಿಟ್ಟ ಇಲ್ಲ. ಎರಕದಲ್ಲಿ ಪೆಲೆಟ್‌ನಷ್ಟು ಪುಟ್ಟ ಅಚ್ಚಿಗೆ ಸೀಸ ಪೂರ್ತಿ ಇಳಿಯುವ ಮೊದಲೇ ಹೆಪ್ಪುಗಟ್ಟುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಸ್ಕರ್ಟ್ ತುಂಬಿಸುವುದು ಪಳಗಿದ ಕೈಗೂ ಕಷ್ಟ. ಎರಕವೇ ಬೇಕೆನ್ನುವವರಿಗೆ ಉತ್ತರ ಕೆಳಗಿದೆ.

ಯಾವ ಯಾವ ಸಾಮಾನು ಬೇಕು?

ಗಟ್ಟಿಯಾಗಿ ಕೂರಿಸಿದ ಬೆಂಚ್ ವೈಸ್, ಡ್ರಿಲ್ (ಸ್ಟ್ಯಾಂಡ್ ಇದ್ದರೆ ಒಳ್ಳೆಯದು), 4.3 ಮಿ.ಮೀ. ಡ್ರಿಲ್ ಬಿಟ್, 4.5 ಮಿ.ಮೀ. ಎಚ್7 ರೀಮರ್ (ಕೊರೆದ ತೂತನ್ನು ನಿಖರ ಅಳತೆಗೆ ತರುವ ಉಪಕರಣ, ಎಚ್7 ಅದರ ನಿಖರತೆಯ ದರ್ಜೆ), ನಯವಾದ ಅರ, 400, 600, 1000 ನಂಬರಿನ ಎಮರಿ ಪೇಪರ್, ವರ್ನಿಯರ್, ಮಿಲಿಗ್ರಾಂ ತೋರಿಸುವ ಪುಟ್ಟ ತಕ್ಕಡಿ. ಲೋಹದಲ್ಲಿ 20 ಮಿ.ಮೀ. ದಪ್ಪ, 25 ಮಿ.ಮೀ. ಉದ್ದದ ಮೈಲ್ಡ್ ಸ್ಟೀಲ್ ತುಂಡು ಒಂದು, 4.5 ಮಿ.ಮೀ. ನಯ ಮಾಡಿದ ಉಕ್ಕಿನ ಸರಳು ಒಂದು ಗೇಣು. ಸೀಸ ಮೆತ್ತಗಿರುವುದರಿಂದ ಡೈಯನ್ನು ಹದಗೊಳಿಸುವ ಅಗತ್ಯವಿಲ್ಲ.

ಇಲ್ಲಿನ ಅಳತೆಯೆಲ್ಲ .177, ಅಂದರೆ 4.5 ಮಿ.ಮೀ. ಗನ್‌ಗೆ. .22ಕ್ಕೆ 5.5 ಮಿ.ಮೀ. ರೀಮರ್ ಮತ್ತು ಸರಳು ತೆಗೆದುಕೊಳ್ಳಿ, ವಿಧಾನ ಒಂದೇ.

ಡೈ ಮಾಡುವುದು ಹೇಗೆ?

ಉಕ್ಕಿನ ತುಂಡಿನ ಎರಡೂ ಮುಖ ಸಮ ಮಾಡಿ, ನಡುವೆ ಸೆಂಟರ್ ಪಂಚ್ ಗುರುತು ಹೊಡೆದು, 4.3ರ ಬಿಟ್‌ನಿಂದ ಆಚೆಗೀಚೆ ನೇರ ತೂತು ಕೊರೆಯಿರಿ. ಆಮೇಲೆ ಎಣ್ಣೆ ಬಿಟ್ಟು ರೀಮರ್ ಇಳಿಸಿ. ರೀಮರನ್ನು ಬಲಕ್ಕೆ ಮಾತ್ರ ತಿರುಗಿಸಬೇಕು, ಹೊರಗೆ ಎಳೆಯುವಾಗಲೂ ಬಲಕ್ಕೇ. ಎಡಕ್ಕೆ ತಿರುಗಿಸಿದರೆ ಲೋಹದ ಸಿಪ್ಪೆ ಹಲ್ಲಿನ ಹಿಂದೆ ಸಿಕ್ಕಿ ಗೋಡೆಯಲ್ಲಿ ಗೀರು ಬೀಳುತ್ತದೆ. ಆ ಗೀರು ನೀವು ಒತ್ತುವ ಪ್ರತಿ ಪೆಲೆಟ್ ಮೇಲೂ ಅಚ್ಚಾಗುತ್ತದೆ. ಎಚ್7 ರೀಮರ್ ಸರಿಯಾಗಿ ಕೆಲಸ ಮಾಡಿದರೆ ತೂತು 4.500ರಿಂದ 4.512 ಮಿ.ಮೀ. ನಡುವೆ ಬರುತ್ತದೆ.

ಕೊನೆಗೆ ತೆಳ್ಳನೆಯ ಕಡ್ಡಿಗೆ ಎಮರಿ ಪೇಪರ್ ಸುತ್ತಿ, 600 ಆಮೇಲೆ 1000ದಿಂದ ಉಜ್ಜಿ. ಅಗಲ ಮಾಡುವುದಕ್ಕಲ್ಲ, ಹೊಳಪಿಗಷ್ಟೇ. ಒಂದೊಂದರಲ್ಲಿ ಹತ್ತು ಹದಿನೈದು ಎಳೆತ ಸಾಕು. ತೂತನ್ನು ಬೆಳಕಿಗೆ ಹಿಡಿದು ನೋಡಿದರೆ ಗೋಡೆ ಕನ್ನಡಿಯಂತೆ ಹೊಳೆಯಬೇಕು, ಸುತ್ತು ಗೆರೆ ಕಾಣಬಾರದು.

ಪಂಚ್‌ಗಳ ಅಳತೆ ಏನು?

ಎರಡು ಪಂಚ್ ಬೇಕು. ತಲೆಯ ಪಂಚ್ ಸುಮಾರು 30 ಮಿ.ಮೀ. ಉದ್ದ, ತುದಿ ಸಪಾಟು. 4.5 ಮಿ.ಮೀ. ಡ್ರಿಲ್ ಬಿಟ್‌ನ ನಯವಾದ ಹಿಂಭಾಗ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ: ಒಳ್ಳೆಯ ಬಿಟ್‌ಗಳನ್ನು ಹೆಸರಿನ ಅಳತೆಗಿಂತ ಒಂದು ಕೂದಲೆಳೆ ಕಡಿಮೆಯೇ ಉಜ್ಜಿರುತ್ತಾರೆ, ಹಾಗಾಗಿ ಡೈಯೊಳಗೆ ಜಾರುತ್ತದೆ ಆದರೆ ಅಲ್ಲಾಡುವುದಿಲ್ಲ. ತುಂಡು ಮಾಡಿ, ತುದಿಯನ್ನು ಎಣ್ಣೆಕಲ್ಲಿನ ಮೇಲೆ ಸಮ ಮಾಡಿ.

ತಳದ ಪಂಚ್ ಒಟ್ಟು 15 ಮಿ.ಮೀ. ಅದರಲ್ಲಿ ಮೇಲಿನ 3 ಮಿ.ಮೀ. ಭಾಗ ಮೂಗು. ಇದೇ ಸ್ಕರ್ಟಿನ ಟೊಳ್ಳನ್ನು ಮಾಡುವುದು. ಸರಳನ್ನು ಡ್ರಿಲ್‌ನ ಚಕ್‌ಗೆ ಸಿಕ್ಕಿಸಿ, ತಿರುಗುತ್ತಿರುವಾಗ ಅರ ಹಿಡಿದು ಮೂಗನ್ನು ಬುಡದಲ್ಲಿ 3.5 ಮಿ.ಮೀ., ಮೇಲಕ್ಕೆ ಹೋದಂತೆ 3.3 ಮಿ.ಮೀ.ಗೆ ಇಳಿಸಿ, ತುದಿಯ 1 ಮಿ.ಮೀ. ಭಾಗವನ್ನು ಕೋನ್ ಮಾಡಿ. ಅರಕ್ಕೆ ಹಿಡಿ ಇರಲೇಬೇಕು, ತೋಳಿನ ಬಟ್ಟೆ ಮಡಚಿರಬೇಕು, ಕಣ್ಣಿಗೆ ಕನ್ನಡಕ ಬೇಕು. ಆ ಸಣ್ಣ ಇಳಿಜಾರನ್ನು ಬಿಟ್ಟು ಮೂಗನ್ನು ನೇರ ಮಾಡಿದರೆ ಪೆಲೆಟ್ ಮೂಗಿನಲ್ಲೇ ಕಚ್ಚಿಕೊಳ್ಳುತ್ತದೆ, ಕೀಳಲು ಹೋದರೆ ಸ್ಕರ್ಟ್ ನಜ್ಜುಗುಜ್ಜು. ಮೂಗು ನಟ್ಟನಡುವೆ ಇರುವುದು ಎಲ್ಲಕ್ಕಿಂತ ಮುಖ್ಯ. ಒಂದು ಕಡೆಗೆ ವಾಲಿದ್ದರೆ ಸ್ಕರ್ಟ್ ಒಂದು ಬದಿ ದಪ್ಪ, ಒಂದು ಬದಿ ತೆಳು ಆಗಿ ಪೆಲೆಟ್ ತೂರಾಡಿಕೊಂಡು ಹೋಗುತ್ತದೆ.

ಪಂಚ್‌ಗೂ ಗೋಡೆಗೂ ನಡುವೆ ಒಟ್ಟು 0.03 ಮಿ.ಮೀ.ಗಿಂತ ಹೆಚ್ಚು ಜಾಗವಿದ್ದರೆ ಸೀಸ ಆ ಸಂದಿಗೆ ನುಗ್ಗಿ ಕಾಗದದಂಥ ತೆಳು ಅಂಚು ಎದ್ದು ನಿಲ್ಲುತ್ತದೆ. ಅದನ್ನು ಬ್ಲೇಡಿನಿಂದ ಕೆರೆಯುತ್ತಾ ಕೂರುವುದಕ್ಕಿಂತ ಪಂಚ್ ಹೊಸದು ಮಾಡುವುದೇ ಲೇಸು.

ತಂತಿಯನ್ನು ಎಷ್ಟು ಉದ್ದಕ್ಕೆ ಕತ್ತರಿಸಬೇಕು?

ಲೆಕ್ಕ ಸುಲಭ. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.34 ಗ್ರಾಂ. ಸಾಮಾನ್ಯ .177 ಪೆಲೆಟ್ ತೂಕ 0.45ರಿಂದ 0.55 ಗ್ರಾಂ. ನಿಮಗೆ 0.53 ಗ್ರಾಂ, ಅಂದರೆ ಸುಮಾರು 8.2 ಗ್ರೇನ್ (ಗುಂಡಿನ ತೂಕ ಹೇಳುವ ಒಂದು ಅಳತೆ) ಬೇಕೆನ್ನಿ. ಅದಕ್ಕೆ 46.7 ಘನ ಮಿ.ಮೀ. ಸೀಸ ಬೇಕು. 4 ಮಿ.ಮೀ. ತಂತಿಯ ಅಡ್ಡ ಕೊಯ್ತ 12.57 ಚದರ ಮಿ.ಮೀ. ಭಾಗಿಸಿದರೆ ಉದ್ದ 3.72 ಮಿ.ಮೀ. .22ರಲ್ಲಿ 1 ಗ್ರಾಂ ಪೆಲೆಟ್‌ಗೆ 5 ಮಿ.ಮೀ. ತಂತಿ 4.49 ಮಿ.ಮೀ. ಬೇಕು.

4 ಮಿ.ಮೀ. ತಂತಿಯಲ್ಲಿ ಉದ್ದ 0.1 ಮಿ.ಮೀ. ತಪ್ಪಿದರೆ ತೂಕ 0.014 ಗ್ರಾಂ ತಪ್ಪುತ್ತದೆ. ಕಣ್ಣಳತೆಯಲ್ಲಿ ಇಕ್ಕಳ ಹಿಡಿದು ಕತ್ತರಿಸುವುದು ಏಕೆ ಆಗದು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಇಕ್ಕಳ ತುದಿಯನ್ನು ಚಪ್ಪಟೆ ಮಾಡುವುದರಿಂದ ಅಳತೆಯೂ ಸಿಗುವುದಿಲ್ಲ.

ತಂತಿ ಸಿಗದಿದ್ದರೆ 3.5 ಮಿ.ಮೀ. ದಪ್ಪದ ಸೀಸದ ಹಾಳೆಯಿಂದ 4 ಮಿ.ಮೀ. ಬಿಲ್ಲೆಗಳನ್ನು ಟೊಳ್ಳು ಪಂಚ್‌ನಿಂದ ಹೊಡೆದು ತೆಗೆಯಿರಿ. ಒಂದೊಂದು ಬಿಲ್ಲೆ ಸುಮಾರು 0.5 ಗ್ರಾಂ. ಅಂಚು ಸ್ವಲ್ಪ ಮಡಚಿದ್ದರೂ ಚಿಂತೆಯಿಲ್ಲ, ಡೈಯಲ್ಲಿ ಒತ್ತಿದಾಗ ಸರಿಹೋಗುತ್ತದೆ.

ಎಲ್ಲವೂ ಒಂದೇ ಉದ್ದ ಬರುವಂತೆ ಕತ್ತರಿಸುವುದಕ್ಕೆ ಏನು ಮಾಡುವುದು?

5 ಮಿ.ಮೀ. ದಪ್ಪದ ಎರಡು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಒಂದು ತುದಿಯಲ್ಲಿ ಬೋಲ್ಟ್ ಹಾಕಿ ಕತ್ತರಿಯಂತೆ ತಿರುಗುವ ಹಾಗೆ ಮಾಡಿ. ಬೋಲ್ಟಿನಿಂದ 25 ಮಿ.ಮೀ. ದೂರದಲ್ಲಿ ಎರಡಕ್ಕೂ ಸೇರಿಸಿ 4.1 ಮಿ.ಮೀ. ತೂತು ಕೊರೆಯಿರಿ. ಕೆಳಗಿನ ಪಟ್ಟಿಯ ಹಿಂದೆ ಎಲ್ ಆಕಾರದ ತಗಡು ಕೂರಿಸಿ ಅದರಲ್ಲಿ ಎಂ4 ಸ್ಕ್ರೂ ಹಾಕಿ. ಅದರ ತುದಿ ತೂತಿನೊಳಕ್ಕೆ ಬಂದು ತಂತಿಯನ್ನು ತಡೆಯಬೇಕು. ತುದಿಯ ಎಳೆಗಳನ್ನು ಅರದಿಂದ ತೆಗೆದು ನಯ ಮಾಡಿಕೊಳ್ಳಿ. ಮೇಲಿನಿಂದ ತಂತಿಯನ್ನು ತುರುಕಿ, ಸ್ಕ್ರೂಗೆ ತಾಗಿದ ಮೇಲೆ ಪಟ್ಟಿ ತಿರುಗಿಸಿದರೆ ತುಂಡು ಕೆಳಗಿನ ತೂತಿನಲ್ಲಿ ಉಳಿಯುತ್ತದೆ. ಮಗುಚಿ ತಟ್ಟಿ ಬೀಳಿಸಿ. ಎಂ4 ಸ್ಕ್ರೂ ಒಂದು ಸುತ್ತಿಗೆ 0.7 ಮಿ.ಮೀ. ಸಾಗುತ್ತದೆ, ಹಾಗಾಗಿ ಕಾಲು ಸುತ್ತು ತಿರುಗಿಸಿದರೆ ತೂಕ ಸುಮಾರು 0.025 ಗ್ರಾಂ ಬದಲಾಗುತ್ತದೆ. ಬೋಲ್ಟ್ ಸಡಿಲವಾದರೆ ಪಟ್ಟಿಗಳ ನಡುವೆ ಸೀಸ ಹರಡಿಕೊಂಡು ಉದ್ದ ತಪ್ಪುತ್ತದೆ. ಐವತ್ತು ತುಂಡಿಗೊಮ್ಮೆ ಬಿಗಿ ಮಾಡಿ.

ಒತ್ತುವ ಕ್ರಮ ಹೇಗೆ?

ತುಂಡುಗಳಿಗೆ ಹರಳೆಣ್ಣೆ ಸವರಿ. ನೂರು ತುಂಡಿಗೆ ಎರಡು ಹನಿ, ಡಬ್ಬಿಯಲ್ಲಿ ಹಾಕಿ ಉರುಳಿಸಿದರೆ ಎಲ್ಲಕ್ಕೂ ತಾಗುತ್ತದೆ. ಡೈಯ ತಳದಿಂದ ಮೂಗು ಮೇಲೆ ಮಾಡಿ ಚಿಕ್ಕ ಪಂಚ್ ಹಾಕಿ, ತಳಕ್ಕೆ ಸಪಾಟಾದ ಉಕ್ಕಿನ ತಟ್ಟೆ ಕೊಡಿ. ಮೇಲಿನಿಂದ ಸೀಸದ ತುಂಡು, ಅದರ ಮೇಲೆ ತಲೆಯ ಪಂಚ್. ಇಡೀ ಕಟ್ಟನ್ನು ವೈಸ್‌ನ ದವಡೆ ನಡುವೆ ನೇರವಾಗಿಟ್ಟು ಬಿಗಿಯಿರಿ. ಮೊದಲು ಕೈಗೆ ಮೆತ್ತಗೆ ಹೋಗುತ್ತದೆ, ಆಮೇಲೆ ಒಮ್ಮೆಲೇ ಗೋಡೆ ಸಿಕ್ಕಂತೆ ಗಟ್ಟಿಯಾಗುತ್ತದೆ. ಅಲ್ಲಿಂದ ಇನ್ನೊಂದು ಸ್ವಲ್ಪ ಒತ್ತಡ ಕೊಟ್ಟು ಎರಡು ಸೆಕೆಂಡ್ ಹಿಡಿದು ಬಿಡಿ. ತಟ್ಟೆ ತೆಗೆದು, ತಳದ ಪಂಚನ್ನು ಉದ್ದನೆಯ ಸರಳಿನಿಂದ ಮೇಲಕ್ಕೆ ತಳ್ಳಿದರೆ ಪೆಲೆಟ್ ಮೂಗಿನ ಮೇಲೆ ಕೂತು ಹೊರಬರುತ್ತದೆ. ಎಳೆಯಬೇಡಿ, ತಿರುಚಿ ತೆಗೆಯಿರಿ.

ಈ ಅಳತೆಯಲ್ಲಿ ಪೆಲೆಟ್ ಉದ್ದ ಸುಮಾರು 4.3 ಮಿ.ಮೀ. ಬರುತ್ತದೆ. ನಿಮ್ಮ ಮೂಗಿನ ನಿಖರ ಆಕಾರದ ಮೇಲೆ ಅದು ಹೆಚ್ಚು ಕಡಿಮೆಯಾಗಬಹುದು, ಆದರೆ ಎಲ್ಲವೂ ಒಂದೇ ಇರಬೇಕು. ಒಂದರಿಂದೊಂದಕ್ಕೆ ಉದ್ದದಲ್ಲಿ 0.1 ಮಿ.ಮೀ. ಅಂತರ ಕಂಡರೆ ತೂಕದಲ್ಲಿ 0.018 ಗ್ರಾಂ ಅಂತರವಿದೆ ಎಂದರ್ಥ.

ಸುತ್ತಿಗೆಯಿಂದ ಹೊಡೆದೂ ಮಾಡಬಹುದು. ಆದರೆ ಒಂದು ಏಟಿನಂತೆ ಇನ್ನೊಂದು ಏಟು ಬೀಳುವುದಿಲ್ಲ, ಪಂಚ್‌ನ ತಲೆಯೂ ಬೇಗ ಅರಳಿಹೋಗುತ್ತದೆ. ವೈಸ್ ನಿಧಾನ, ಆದರೆ ನಂಬಿಕಸ್ಥ.

ಸ್ಕರ್ಟನ್ನು ಅಗಲ ಮಾಡಬೇಕೇ?

ಹೌದು, ಡೈಯಿಂದ ಬಂದ ಪೆಲೆಟ್ ಬುಡದಿಂದ ತುದಿಯವರೆಗೆ 4.5 ಮಿ.ಮೀ. ಇರುತ್ತದೆ. ಸ್ಕರ್ಟನ್ನು ಮೇಲೆ ಮಾಡಿ ನಿಲ್ಲಿಸಿ, 6 ಮಿ.ಮೀ. ಬೇರಿಂಗ್ ಗುಂಡನ್ನು ಬಾಯಿಗಿಟ್ಟು ಮರದ ತುಂಡಿನಿಂದ ಮೆಲ್ಲಗೆ ಒತ್ತಿ, ಬಾಯಿ 4.6ರಿಂದ 4.65 ಆಗುವಷ್ಟು ಸಾಕು. ಗನ್ನಿಗೆ ಹಾಕುವಾಗ ಹೆಬ್ಬೆರಳಿಗೆ ಸಣ್ಣ ತಡೆ ಸಿಕ್ಕು, ಆಮೇಲೆ ನಳಿಗೆಯ ಬಾಯಿಗೆ ಸಮನಾಗಿ ಕೂರಬೇಕು. ತಾನಾಗಿ ಒಳಗೆ ಬಿದ್ದುಹೋದರೆ ಸಡಿಲ. ಉಗುರು ನೋಯುವಷ್ಟು ತಳ್ಳಬೇಕಾದರೆ ಬಿಗಿ.

ವೇಗ ತೀರಾ ಕಡಿಮೆ ಬರುತ್ತಿದೆ. ಏಕೆ?

ಸಾಮಾನ್ಯವಾಗಿ ಎರಡರಲ್ಲಿ ಒಂದು. ಸ್ಕರ್ಟ್ ಅರಳದೆ ಗಾಳಿ ಸೋರುತ್ತಿರಬಹುದು: ಸೀಸ ಗಡಸು, ಇಲ್ಲವೇ ಗೋಡೆ ದಪ್ಪ. ಅಥವಾ ಸೊಂಟವಿಲ್ಲದ ಪೆಲೆಟ್ ಮೈಪೂರಾ ರೈಫ್ಲಿಂಗ್‌ಗೆ ಉಜ್ಜಿಕೊಂಡು ಹೋಗುತ್ತಿದೆ. ಕಡಿಮೆ ಶಕ್ತಿಯ ಸ್ಪ್ರಿಂಗ್ ಗನ್‌ನಲ್ಲಿ (ಸ್ಪ್ರಿಂಗ್ ತಳ್ಳುವ ಪಿಸ್ಟನ್ ಗಾಳಿಯನ್ನು ಒತ್ತುವ ಗನ್) ಎರಡನೆಯದು ಚೆನ್ನಾಗಿಯೇ ಗೊತ್ತಾಗುತ್ತದೆ. ಆಗ ಪೆಲೆಟನ್ನು ಗಾಜಿನ ಮೇಲೆ ಮಲಗಿಸಿ, ತಲೆಗೂ ಟೊಳ್ಳಿಗೂ ನಡುವಿನ ಜಾಗದಲ್ಲಿ 2 ಮಿ.ಮೀ. ಉಕ್ಕಿನ ಕಡ್ಡಿಯನ್ನು ಅಡ್ಡ ಇಟ್ಟು ಒತ್ತುತ್ತಾ ಉರುಳಿಸಿ 0.2 ಮಿ.ಮೀ. ಆಳದ ಕಾಲುವೆ ಮಾಡಿ. ಪಕ್ಕಕ್ಕೆ ಉಬ್ಬಿದ ಸೀಸವನ್ನು ಸರಿಪಡಿಸಲು ತಲೆಯ ಕಡೆಯಿಂದ ಡೈಯ ಬಾಯಿಗೆ ಒಮ್ಮೆ ತೂರಿಸಿ ತೆಗೆಯಿರಿ. ಸ್ಕರ್ಟ್ ಅಗಲ ಮಾಡುವುದು ಇದಾದ ಮೇಲೆ.

ಪೆಲೆಟ್ ಮೇಲೆ ಸುಕ್ಕು, ಗುಳಿ ಬರುತ್ತಿವೆ.

ಎಣ್ಣೆ ಹೆಚ್ಚಾಗಿದೆ. ಎಣ್ಣೆಯನ್ನು ಹಿಂಡಿ ಕುಗ್ಗಿಸಲು ಆಗದು. ಅದು ನಿಂತ ಕಡೆ ಸೀಸ ತುಂಬುವುದಿಲ್ಲ. ಡೈಯನ್ನು ಬಟ್ಟೆಯಿಂದ ಒರೆಸಿ. ತಲೆಯ ಅಂಚು ಮಾತ್ರ ದುಂಡಾಗಿ ಉಳಿದಿದ್ದರೆ ಒತ್ತಡ ಸಾಲದು.

ಒಳ್ಳೆಯದು, ಕೆಟ್ಟದ್ದು ಬೇರೆ ಮಾಡುವುದು ಹೇಗೆ?

ಮೊದಲು ತಕ್ಕಡಿ. 0.01 ಗ್ರಾಂ ಅಂತರದೊಳಗಿನವನ್ನು ಒಂದು ಗುಂಪು ಮಾಡಿ. ಆಮೇಲೆ ಗಾಜಿನ ಹಾಳೆಯನ್ನು ಒಂದು ಪುಸ್ತಕದ ದಪ್ಪಕ್ಕೆ ಓರೆ ಮಾಡಿ, ಮೇಲಿನ ಒಂದೇ ಜಾಗದಿಂದ ಒಂದೊಂದಾಗಿ ಉರುಳಿಬಿಡಿ. ಸ್ಕರ್ಟ್ ಅಗಲವಿರುವುದರಿಂದ ಪೆಲೆಟ್ ನೇರ ಬರದೆ ಬಿಲ್ಲಿನಂತೆ ಬಾಗಿ ಬರುತ್ತದೆ. ಬಾಗುವುದು ತಪ್ಪಲ್ಲ. ಹೆಚ್ಚಿನವು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ; ಕೆಲವು ಬೇರೆ ದಾರಿ ಹಿಡಿಯುತ್ತವೆ, ಕೆಲವು ಕುಂಟುತ್ತಾ ಇಳಿಯುತ್ತವೆ. ಕುಂಟುವುದರ ಬಾಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಗೋಡೆ ಒಂದು ಬದಿ ತೆಳ್ಳಗಿರುವುದು ಕಾಣುತ್ತದೆ. ಅವನ್ನು ಮತ್ತೆ ಸೀಸದ ಡಬ್ಬಿಗೆ ಹಾಕಿ. ಉಳಿದವನ್ನು ಮರಳುಚೀಲದ ಮೇಲೆ ಗನ್ ಊರಿ 10 ಮೀಟರಿನಿಂದ ಐದೈದರಂತೆ ಹೊಡೆದು ನೋಡಿ. ಮೊದಲ ಗುಂಪು ಚೆನ್ನಾಗಿ ಬಂತೆಂದು ಹಿಗ್ಗಬೇಡಿ, ನಾಲ್ಕು ಗುಂಪಾದರೂ ಹೊಡೆದ ಮೇಲೆ ತೀರ್ಮಾನಿಸಿ.

ಗನ್‌ಗೆ ಹಾಕುವ ಮೊದಲು ತೊಳೆಯಬೇಕೇ?

ತೊಳೆಯಲೇಬೇಕು. ಸ್ಪ್ರಿಂಗ್ ಗನ್‌ನಲ್ಲಿ ಗಾಳಿ ಒಮ್ಮೆಲೇ ಒತ್ತಿದಾಗ ಕಾವೇರಿ, ಪೆಲೆಟ್‌ಗೆ ಹತ್ತಿದ ಎಣ್ಣೆ ಹೊತ್ತಿಕೊಳ್ಳುತ್ತದೆ: ಜೋರು ಸದ್ದು, ನಳಿಗೆಯಿಂದ ಹೊಗೆ, ವೇಗ ಒಂದೊಂದು ಹೊಡೆತಕ್ಕೆ ಒಂದೊಂದು. ಸೀಲ್ ಕೂಡ ಹಾಳು. ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಆ ನೀರು ಅಡುಗೆಮನೆಯ ಸಿಂಕಿಗೆ ಹೋಗಬಾರದು, ಪಾತ್ರೆ ಬೇರೆಯೇ ಇರಲಿ.

ಎರಕವೇ ಹೊಯ್ಯುತ್ತೇನೆ ಎಂದರೆ?

ಹಾಗಾದರೆ ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಪಕ್ಕಕ್ಕೆ ಹೋಗುವಂತೆ ನಿಂತು ಮಾಡಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಹೊಯ್ಯುವುದಕ್ಕೆ 380ರಿಂದ 400 ಡಿಗ್ರಿ ಸಾಕು, ಅದಕ್ಕಿಂತ ಕಾಯಿಸಿದಷ್ಟೂ ಕಿಟ್ಟವೂ ಹೊಗೆಯೂ ಹೆಚ್ಚು. ಎರಡು ಹೋಳಿನ ಅಲ್ಯೂಮಿನಿಯಂ ಅಚ್ಚನ್ನು ಮೊದಲು ಬಿಸಿ ಮಾಡಿ, ಒಳಗೆ ಮೇಣದ ಬತ್ತಿಯ ಮಸಿ ಹಿಡಿಸಿ. ಪೆಲೆಟ್ ಸುಕ್ಕಾಗಿದ್ದರೆ ಅಚ್ಚು ತಣ್ಣಗಿದೆ ಅಥವಾ ಜಿಡ್ಡಾಗಿದೆ; ಮೇಲೆ ಮಂಜು ಹಿಡಿದಂತಿದ್ದರೆ ಅಚ್ಚು ವಿಪರೀತ ಕಾದಿದೆ; ಪಕ್ಕದಲ್ಲಿ ರೆಕ್ಕೆ ಎದ್ದಿದ್ದರೆ ಹೋಳುಗಳು ಕೂಡಿಲ್ಲ. ಟೊಳ್ಳು ಸ್ಕರ್ಟಿನ ಗೋಜಿಗೆ ಹೋಗದೆ ದುಂಡು ಗುಂಡು ಹೊಯ್ದರೂ ಆಗುತ್ತದೆ: 4.5 ಮಿ.ಮೀ. ಸೀಸದ ಗುಂಡು 0.54 ಗ್ರಾಂ ತೂಗುತ್ತದೆ, ಸಾಮಾನ್ಯ ಪೆಲೆಟ್‌ನಷ್ಟೇ.

ಕರಗಿದ ಸೀಸಕ್ಕೆ ನೀರು ಸೋಕಬಾರದು. ಒದ್ದೆ ತುಂಡೊಂದು ಮುಳುಗಿದರೆ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಇಡೀ ಪಾತ್ರೆಯ ಸೀಸ ಮುಖಕ್ಕೆ ಎರಚುತ್ತದೆ. ಹಾಕುವ ಪ್ರತಿ ತುಂಡನ್ನೂ, ಚಮಚವನ್ನೂ ಮೊದಲು ಕಾಯಿಸಿ ಒಣಗಿಸಿ. ಮುಖಕ್ಕೆ ಪೂರ್ತಿ ಕವಚ, ಚರ್ಮದ ಕೈಗವಸು, ಮುಚ್ಚಿದ ಬೂಟು ಇಲ್ಲದೆ ಒಲೆ ಹಚ್ಚಬೇಡಿ.

ತಣ್ಣಗೆ ಮಾಡಿದರೆ ಸೀಸದ ವಿಷದ ಭಯವಿಲ್ಲವೇ?

ಹೊಗೆಯ ಭಯವಿಲ್ಲ, ಕೈಯ ಭಯವಿದೆ. ಸೀಸ ಬೆರಳಿಗೆ ಬೂದುಬಣ್ಣ ಹತ್ತಿಸುತ್ತದೆ. ಆ ಬೆರಳು ಬಾಯಿಗೆ ಹೋದರೆ ಸೀಸವೂ ಹೋಯಿತು. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ, ಗರ್ಭದಲ್ಲಿರುವ ಮಗುವಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಹಾಗಾಗಿ ಕೆಲಸದ ಮೇಜು ಅಡುಗೆಮನೆಯಿಂದ ದೂರವಿರಲಿ. ಕೆಲಸದ ನಡುವೆ ತಿನ್ನುವುದು, ಕುಡಿಯುವುದು, ಬೀಡಿ ಸಿಗರೇಟು ಸೇದುವುದು ಬೇಡ. ಪೆಲೆಟನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಚಾಳಿ ಇದ್ದವರು ಇಂದೇ ಬಿಡಿ. ಸೀಸವನ್ನು ಎಮರಿ ಪೇಪರಿನಿಂದ ಉಜ್ಜಬೇಡಿ, ಧೂಳೇಳುತ್ತದೆ. ಮೇಜನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಬಟ್ಟೆಯನ್ನು ಮನೆಮಂದಿಯ ಬಟ್ಟೆ ಜೊತೆ ಒಗೆಯಬೇಡಿ.

ಸೀಸವೇ ಬೇಡ, ತವರದಲ್ಲಿ ಮಾಡಬಹುದೇ?

ಮಾಡಬಹುದು. ತವರ 232 ಡಿಗ್ರಿಗೆ ಕರಗುತ್ತದೆ, ವಿಷದ ಕಾಟವೂ ಇಲ್ಲ. ಆದರೆ ಸಾಂದ್ರತೆ ಕಡಿಮೆ: ಸೀಸದಲ್ಲಿ 0.53 ಗ್ರಾಂ ಇರುವ ಪೆಲೆಟ್ ತವರದಲ್ಲಿ 0.34 ಗ್ರಾಂ. ಹೊರಡುವಾಗ ವೇಗ ಹೆಚ್ಚು, ದೂರ ಹೋದಂತೆ ಬೇಗ ಇಳಿಯುತ್ತದೆ. ಸೀಸಕ್ಕಿಂತ ಗಡಸಾದ್ದರಿಂದ ಒತ್ತಲು ಬಲವೂ ಜಾಸ್ತಿ ಬೇಕು, ಸ್ಕರ್ಟ್ ಗೋಡೆ 0.4 ಮಿ.ಮೀ.ಗೆ ಇಳಿಸಿಕೊಳ್ಳಿ. ಸ್ಪ್ರಿಂಗ್ ಗನ್‌ಗೆ ತೀರಾ ಹಗುರ ಪೆಲೆಟ್ ಒಳ್ಳೆಯದಲ್ಲ. ಎದುರಿಗೆ ತಡೆ ಸಾಲದೆ ಪಿಸ್ಟನ್ ಹೋಗಿ ತುದಿಗೆ ಬಡಿಯುತ್ತದೆ, ಖಾಲಿ ಹೊಡೆದಂತೆಯೇ. ಉದ್ದ ಹೆಚ್ಚಿಸಿ ತೂಕವನ್ನು 0.4 ಗ್ರಾಂ ಮೇಲೆ ಇಟ್ಟುಕೊಳ್ಳಿ.

ಪೆಲೆಟ್ ನಳಿಗೆಯಲ್ಲಿ ಸಿಕ್ಕಿಕೊಂಡರೆ?

ಹಿಂದಿನಿಂದ ಇನ್ನೊಂದು ಹಾಕಿ ಹೊಡೆದು ತಳ್ಳಲು ಹೋಗಬೇಡಿ, ಎರಡೂ ಸಿಕ್ಕಿಕೊಳ್ಳುತ್ತವೆ. ಗನ್ನಿನಲ್ಲಿ ಸ್ಪ್ರಿಂಗ್ ಎಳೆದಿಲ್ಲ, ಗಾಳಿ ಉಳಿದಿಲ್ಲ ಎಂದು ಖಚಿತ ಮಾಡಿಕೊಂಡು ನಳಿಗೆ ತೆರೆಯಿರಿ. 4 ಮಿ.ಮೀ. ಹಿತ್ತಾಳೆ ಕಡ್ಡಿಯನ್ನು ಸಿಕ್ಕ ಜಾಗಕ್ಕೆ ಹತ್ತಿರದ ತುದಿಯಿಂದ ಇಳಿಸಿ, ಎರಡು ಹನಿ ಎಣ್ಣೆ ಬಿಟ್ಟು, ಒಂದೇ ಸಮನೆ ತಳ್ಳಿ. ನಿಮ್ಮ ಮುಖ ನಳಿಗೆಯ ಬಾಯಿಯ ಎದುರು ಇರಬಾರದು. ಹೊರಬಂದ ಪೆಲೆಟ್ ಮೇಲೆ ರೈಫ್ಲಿಂಗ್ ಗುರುತು ಹೇಗೆ ಬಿದ್ದಿದೆ ನೋಡಿ: ಮೈಪೂರಾ ಆಳವಾಗಿದ್ದರೆ ಡೈ ನಿಮ್ಮ ನಳಿಗೆಗೆ ದೊಡ್ಡದಾಯಿತು. ರೀಮರ್‌ಗಳು 0.01 ಮಿ.ಮೀ. ಹೆಜ್ಜೆಯಲ್ಲೂ ಸಿಗುತ್ತವೆ, 4.48ರಲ್ಲಿ ಇನ್ನೊಂದು ಡೈ ಮಾಡಿ ನೋಡಿ. ಆಮೇಲೆ ನಳಿಗೆಯೊಳಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ತೆಗೆದೇ ಹೊಡೆಯಿರಿ.

ಮಾಡಿಟ್ಟ ಪೆಲೆಟ್ ಬೆಳ್ಳಗಾಗಿ ಪುಡಿ ಹಿಡಿಯುತ್ತಿದೆ.

ತೇವದಿಂದ, ಇಲ್ಲವೇ ಮರದ ಪೆಟ್ಟಿಗೆಯಿಂದ. ಕೆಲವು ಮರ ಬಿಡುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಆ ಬಿಳಿ ಪುಡಿ ಸೀಸದ ಲವಣ, ಬರಿಗೈಯಲ್ಲಿ ಒರೆಸಬೇಡಿ, ಆ ಪೆಲೆಟ್‌ಗಳನ್ನು ಹೊಡೆಯಲೂ ಬೇಡಿ. ಹೊಸದಾಗಿ ಮಾಡಿದವನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ, ತಳಕ್ಕೆ ತೆಳ್ಳನೆಯ ಫೋಮ್ ಹಾಸಿ, ಒಂದೇ ಪದರದಲ್ಲಿಡಿ. ಮೆತ್ತಗಿನ ಸ್ಕರ್ಟ್ ಒಂದಕ್ಕೊಂದು ಬಡಿದು ಬಾಗುತ್ತದೆ. ಡಬ್ಬಿಯ ಮೇಲೆ ತೂಕ, ಡೈ ಅಳತೆ, ತಾರೀಖು ಬರೆದಿಟ್ಟು, ಮಕ್ಕಳ ಕೈಗೆ ಸಿಗದ ಬೀಗದ ಕಪಾಟಿನಲ್ಲಿಡಿ.